ವರ್ನಾ ಮಾರದ ಪಾಲು

ಇನ್ನೊಂದು ಬನ್ನು ಹೋಯಿತು, ಬುಟ್ಟಿಯಿಂದ ಕಾಗದದ ಕರವಸ್ತ್ರಕ್ಕೆ, ಕರವಸ್ತ್ರದಿಂದ ಆ ಕಂದು ಕೈಚೀಲಕ್ಕೆ, ಮುದುಕಿ ಕಣ್ಣೆತ್ತಲಿಲ್ಲ, ಅವಸರಪಡಲಿಲ್ಲ, ತನ್ನ ಮನೆಯ ಕಪಾಟಿಗೆ ಸಾಮಾನು ಜೋಡಿಸುವವಳ ಹಾಗೆ ಇಟ್ಟುಕೊಂಡಳು, ಚೀಲದ ಬಾಯಿ ಟಕ್ಕೆಂದು ಮುಚ್ಚಿತು — ರೋಲಂಡ್ ಪ್ರಾಕ್ನೋ ಬ್ರಾಂದಿ ಗ್ಲಾಸನ್ನು ಕುಡಿಯದೆ ಮತ್ತೆ ಕೆಳಗಿಟ್ಟ, ಕೇಳಬೇಕು, ಮೀನು ಮುಗಿಯುವುದರೊಳಗೆ ಕೇಳಿಬಿಡಬೇಕು, ನಗುತ್ತಾ, ಏನೂ ಆಗಿಲ್ಲವೆಂಬಂತೆ, ಮಿಸೆಸ್ ಟಾಲೆಫ್‌ಸನ್, ನಿಮ್ಮ ಷೇರು ನಿನ್ನೆ ಬರಲೇ ಇಲ್ಲವಲ್ಲ, ಮರೆತುಬಿಟ್ರಾ ಅಂತ, ಎಂಬತ್ತು ದಾಟಿದ ಹೆಂಗಸು, ಮರೆತಿರಲೇಬೇಕು, ಮರೆಯದೆ ಇದ್ದರೆ — ಇಲ್ಲ, ಮರೆತಿದ್ದಾಳೆ, ತುಟಿಯ ತುದಿಯಲ್ಲಿ ಕರಿದ ಮೀನಿನ ಚೂರು ಅಂಟಿಕೊಂಡಿರುವುದೇ ಇವಳಿಗೆ ಗೊತ್ತಿಲ್ಲ, ಕಂಪನಿಯ ಲೆಕ್ಕ ಎಲ್ಲಿ ಗೊತ್ತಿರಬೇಕು. ಶುಕ್ರವಾರದ ಮೀನೂಟಕ್ಕೆ ಊರಿಗೆ ಊರೇ ಬಂದು ಹೋಟೆಲು ತುಂಬಿಕೊಂಡಿದೆ, ಎಣ್ಣೆಯ ಹೊಗೆ, ಒದ್ದೆ ಉಣ್ಣೆಯ ವಾಸನೆ, ಕಿಟಕಿಯಾಚೆ ಹೆಪ್ಪುಗಟ್ಟಿದ ವಿನ್ನೆಬಾಗೊ ಸರೋವರ, ಅದರ ಮೇಲೆ ಸಾವಿರಾರು ಮರದ ಗೂಡುಗಳು, ನಾಳೆ ಬೆಳಿಗ್ಗೆ ಸ್ಟರ್ಜನ್ ಎಂಬ ಆಳುದ್ದದ ಮೀನಿನ ಬೇಟೆ ಶುರು, ಈ ಜನ ಮಂಜುಗಡ್ಡೆ ಕೊಯ್ದು, ಆ ಕತ್ತಲ ಗೂಡಿನಲ್ಲಿ ಕೂತು, ನೀರಿನ ತೂತು ದಿಟ್ಟಿಸುತ್ತಾ ಇಡೀ ದಿನ ಕಳೆಯುತ್ತಾರೆ, ಈಟಿ ಹಿಡಿದು, ಬಾಯಿ ಮುಚ್ಚಿಕೊಂಡು, ಅವನ ಅಪ್ಪನೂ ಹಾಗೇ ಕೂತಿದ್ದ, ಟಾಲೆಫ್‌ಸನ್ ಪಂಪ್ ಕಾರ್ಖಾನೆಯ ಎರಕದ ಮನೆಯಲ್ಲಿ ವಾರವಿಡೀ ಬೆಂದು ಬಂದವನು ಭಾನುವಾರ ಹೋಗಿ ತೂತಿನ ಮುಂದೆ ಕೂರುತ್ತಿದ್ದ, ಒಂದು ಮೀನೂ ಸಿಗದೆ ಸತ್ತ. ಅಂಥವನ ಮಗ ಇವತ್ತು ಅದೇ ಕಂಪನಿಯ ಮುಖ್ಯಸ್ಥ. ಇದನ್ನು ಇಲ್ಲಿ ಒಬ್ಬನಾದರೂ ಬಾಯಿಬಿಟ್ಟು ಹೇಳಿದ್ದಾನೆಯೇ, ಇಲ್ಲ, ಟೇಬಲ್ಲಿನ ಹತ್ತಿರ ಬಂದವರೆಲ್ಲ ಅವನ ತಲೆಯ ಮೇಲಿಂದ ಬಗ್ಗಿ, ಏನ್ ವರ್ನಾ, ಗೂಡು ಇಟ್ಟಾಯ್ತಾ, ಅಂತ ಮುದುಕಿಯನ್ನೇ ಕೇಳುತ್ತಾರೆ, ಇಟ್ಟಾಯ್ತಪ್ಪಾ, ಹೋದ ವರ್ಷದ ಜಾಗದಲ್ಲೇ, ಅಂತ ಅವಳೂ ಹೇಳುತ್ತಾಳೆ.

ಇವತ್ತು ಸಂಜೆ ನಾಲ್ಕಕ್ಕೆ ಕಂಪನಿಯ ವಕೀಲನ ಫೋನು, ಕೂತಿದ್ದೀರಾ ಮಿಸ್ಟರ್ ಪ್ರಾಕ್ನೋ, ಕೂತಿದ್ದೀನಿ ಹೇಳ್ರೀ, ಎಣಿಕೆ ಮುಗೀತು, ಮಿಸೆಸ್ ಟಾಲೆಫ್‌ಸನ್ ಒಂದೇ ಒಂದು ಷೇರೂ ಕೊಟ್ಟಿಲ್ಲ, ಏನು, ಒಂದೂ ಇಲ್ಲ ಸಾರ್, ಉಳಿದವರದ್ದು ಬಂದಿದೆ, ನಿಮ್ಮದಂತೂ ಮೊದಲ ದಿನವೇ ಬಂದಿದೆ — ಆ ಕೊನೆಯ ಮಾತಿನಲ್ಲಿ ನಂಜಿತ್ತು, ಅದನ್ನು ರೋಲಂಡ್ ಗಮನಿಸಿದ, ವಕೀಲರನ್ನು ಬದಲಾಯಿಸಬೇಕು ಅಂದುಕೊಂಡ, ಆಮೇಲೆ ಕಾಲಿನ ಕೆಳಗೆ ನೆಲ ಇದೆಯೋ ಇಲ್ಲವೋ ಎಂದು ಷೂ ಒತ್ತಿ ನೋಡಿಕೊಂಡ. ಎಷ್ಟು ಸಲೀಸಾದ ವ್ಯವಹಾರ ಇದು, ಕಂಪನಿಯ ಬೊಕ್ಕಸದಲ್ಲಿ ದುಡ್ಡಿದೆ, ಷೇರಿನ ಬೆಲೆ ಇಪ್ಪತ್ತಾರು ಡಾಲರಿಗೆ ಬಿದ್ದಿದೆ, ಕಂಪನಿಯೇ ಮುಂದೆ ಬಂದು, ಮಾರುವವರು ಮಾರಿ, ಮೂವತ್ತೊಂದು ಕೊಡ್ತೀವಿ, ಗುರುವಾರ ಸಂಜೆ ಐದರ ತನಕ, ಅಂತ ಸಾರಿತು, ಹಾಗೆ ಕೊಂಡ ಷೇರನ್ನು ಹರಿದೆಸೆಯುವುದು, ಷೇರು ಕಮ್ಮಿಯಾದರೆ ಅದೇ ಲಾಭ ಕಮ್ಮಿ ಪಾಲಿಗೆ ಹಂಚಿಕೆಯಾಗುತ್ತದೆ, ಒಂದೊಂದು ಷೇರಿನ ಲಾಭ ಉಬ್ಬುತ್ತದೆ, ಆ ಉಬ್ಬು ಒಂದು ಗೆರೆ ದಾಟಿತೋ, ಮಾರ್ಚ್ ಒಂದರಂದು ರೋಲಂಡ್ ಪ್ರಾಕ್ನೋ ಕುರ್ಚಿಯಲ್ಲಿ ಕೂತಿದ್ದನೋ, ಅವನಿಗೆ ಒಂಬತ್ತು ಮಿಲಿಯನ್ ಡಾಲರ್ ಇನಾಮು. ಕರಾರಿನಲ್ಲೇ ಇದೆ, ಕದ್ದದ್ದಲ್ಲ. ಆ ಇನಾಮನ್ನು ನೆಚ್ಚಿಕೊಂಡೇ ಫ್ಲಾರಿಡಾದ ಕಡಲ ದಂಡೆಯಲ್ಲಿ ಮನೆ ಹಿಡಿದಾಗಿದೆ, ತನ್ನ ಷೇರು ಮಾರಿ ಬರುವುದು ಅದರ ಮುಂಗಡಕ್ಕೇ ಹೋಗುತ್ತದೆ, ಮಿಕ್ಕದ್ದು ಸಾಲ, ಮಾರ್ಚಿನಲ್ಲಿ ತೀರಿಸುತ್ತೇನೆಂದು ಸಹಿ ಹಾಕಿಕೊಟ್ಟ ಸಾಲ. ಎಲ್ಲ ಸರಿ, ಒಂದೇ ಒಂದು ತೊಡಕು, ವರ್ನಾ ಟಾಲೆಫ್‌ಸನ್, ಸ್ಥಾಪಕನ ಸೊಸೆ, ಕಂಪನಿಯನ್ನು ಹತ್ತು ಹೋಳು ಮಾಡಿದರೆ ನಾಲ್ಕು ಹೋಳು ಮತ್ತು ಚೂರು ಇವಳದ್ದು, ಇವಳೂ ಎಲ್ಲರ ಹಾಗೆ ಮಾರಿದರೆ ಯಾವ ಚಿಂತೆಯೂ ಇಲ್ಲ, ಇವಳು ಮಾರದೆ ಉಳಿದವರಷ್ಟೇ ಮಾರಿದರೆ ಕಂಪನಿ ಕೊಳ್ಳುವ ಎರಡು ಹೋಳು ಕಸದ ಬುಟ್ಟಿಗೆ ಹೋಗಿ ಎಂಟು ಉಳಿಯುತ್ತವೆ, ಎಂಟರಲ್ಲಿ ನಾಲ್ಕು ಮತ್ತು ಚೂರು, ಅಂದರೆ ಅರ್ಧ ದಾಟಿತು, ಅಂದರೆ ಕಂಪನಿ ಇವಳದ್ದು, ಕುರ್ಚಿಯಲ್ಲಿ ಯಾರು ಕೂರಬೇಕೆಂಬ ಮಾತೂ ಇವಳದ್ದು, ಒಂದು ಕಾಸು ಖರ್ಚು ಮಾಡದೆ, ಕೈ ಕಟ್ಟಿಕೊಂಡು ಕೂತಿದ್ದಕ್ಕೆ. ನವೆಂಬರಿನಲ್ಲೇ ವಕೀಲ ಬಡಕೊಂಡಿದ್ದ, ಅವರು ಮಾರ್ತಾರೆ ಅಂತ ಬರೆಸಿಕೊಂಡುಬಿಡಿ ಸಾರ್, ಒಂದು ಸಾಲು ಸಾಕು. ರೋಲಂಡ್ ನಕ್ಕಿದ್ದ. ಏನ್ರೀ ನೀವು, ಶಿಕಾಗೋದವರು ನೀವು, ಆ ಅಜ್ಜಿ ನನ್ನನ್ನ ಅಡುಗೆಮನೆಯಲ್ಲಿ ಕೂರಿಸಿಕೊಂಡು ಕೈಯಾರೆ ಬಡಿಸಿದ್ದಾಳೆ, ನಮ್ಮ ಕಡೆ ಊಟ ಹಾಕಿದವರ ಹತ್ರ ಕಾಗದ ಬರೆಸಿಕೊಂಡ್ರೆ ಮುಖಕ್ಕೆ ಉಗಿದ ಹಾಗೆ.

ನಮ್ಮ ಕಡೆ, ಎಂದಿದ್ದ, ಎಷ್ಟು ಹೆಮ್ಮೆಯಿಂದ ಎಂದಿದ್ದ, ಇಲ್ಲಿ ಹುಟ್ಟಿದವನು ನಾನು, ಇವರ ಒಳಗು ನನಗೆ ಗೊತ್ತು ಅಂತ, ಆ ಅಡುಗೆಮನೆ ಕಣ್ಣ ಮುಂದೆ ಬರುತ್ತದೆ, ಹಳದಿ ಪರದೆ, ಒಲೆಯ ಮೇಲೆ ಕಾಫಿ, ಮೂವತ್ತೊಂದು ಡಾಲರು ಮಿಸೆಸ್ ಟಾಲೆಫ್‌ಸನ್, ಈ ಬೆಲೆ ಮತ್ತೆ ಬರಲ್ಲ, ಒಳ್ಳೆ ರೇಟಪ್ಪಾ ಅದು, ಅಲ್ವಾ ಮತ್ತೆ, ಹೂಂ, ಒಳ್ಳೆ ರೇಟು, ಇನ್ನೊಂದು ನಿಂಬೆ ಬರ್ಫಿ ಹಾಕ್ಕೋ ಕಂದ, ಮನೆಗೂ ಕಟ್ಟಿಕೊಡ್ತೀನಿ ಇರು — ಇಷ್ಟೇ, ಇಷ್ಟೇ ಅವಳು ಹೇಳಿದ್ದು, ಈಗ ಒಂದೊಂದು ಮಾತನ್ನೂ ಹಿಂಡಿ ನೋಡಿದರೆ ಮಾರುತ್ತೇನೆ ಎಂಬುದು ಎಲ್ಲೂ ಇಲ್ಲ, ಈ ಸೀಮೆಯಲ್ಲಿ ಯಾರೂ ಯಾರಿಗೂ ಇಲ್ಲ ಅನ್ನುವುದಿಲ್ಲ, ಇಲ್ಲ ಅನ್ನಬೇಕಾದಾಗ ತಿನ್ನಲು ಕೊಡುತ್ತಾರೆ, ಅವನ ಅಮ್ಮ ಸಾಲ ಕೇಳಲು ಬಂದ ನೆರೆಯವಳಿಗೆ ತಟ್ಟೆ ತುಂಬ ಕುಕಿ ಕೊಟ್ಟು ಕಳಿಸುತ್ತಿರಲಿಲ್ಲವೇ, ಆ ನೆರೆಯವಳು ತಟ್ಟೆ ನೋಡಿದ ಕೂಡಲೇ ಅರ್ಥ ಮಾಡಿಕೊಳ್ಳುತ್ತಿರಲಿಲ್ಲವೇ. ಅವನು ಡಬ್ಬಿ ಹೊತ್ತುಕೊಂಡು, ಸೀಟಿ ಹೊಡೆಯುತ್ತಾ ಕಾರು ಹತ್ತಿದ. ಅಯ್ಯೋ ಪೆದ್ದೇ. ದಾರಿಯಲ್ಲೇ ಎರಡು ಬರ್ಫಿ ತಿಂದ. ಮತ್ತೆ ಬುಟ್ಟಿ ಖಾಲಿಯಾಗಿದೆ, ಬಡಿಸುವ ಹುಡುಗಿ ಬಂದು, ಇನ್ನೂ ಬನ್ನು ತರ್ಲಾ ವರ್ನಾ, ತಾರಮ್ಮಾ, ಬಿಸಿ ಇರೋದು ತಾ, ಬಿಲ್ಲು ಇವರದ್ದು — ಹುಡುಗಿ ನಕ್ಕಳು, ರೋಲಂಡನೂ ನಕ್ಕ, ನಗಬೇಕಲ್ಲ. ಐವತ್ತು ಚಳಿಗಾಲ ಆ ತೂತಿನ ಮುಂದೆ ಕೂತವಳಂತೆ ಇವಳು, ಗಂಡ ಆರ್ವಿಡ್ ಇದ್ದಾಗಲೂ, ಹೋದ ಮೇಲೂ, ಐವತ್ತು ವರ್ಷಕ್ಕೆ ಸಿಕ್ಕಿದ್ದು ಎರಡು ಮೀನು, ಬೇಜಾರಾಗಲ್ವಾ ಅಂತ ಕಾರಿನಲ್ಲಿ ಒಮ್ಮೆ ಕೇಳಿದ್ದ, ಬೇಜಾರ್ಯಾಕೆ, ಮಾತಾಡದೆ ಕೂತಿರ್ಬೇಕು ಅಷ್ಟೇ, ಅದೇ ಬರುತ್ತೆ, ಅಂದಿದ್ದಳು, ಅವನು ಪಾಪ ಅಂದುಕೊಂಡಿದ್ದ, ಪಾಪ ಒಂಟಿ ಹೆಂಗಸು, ಬೋರ್ಡ್ ಮೀಟಿಂಗಿನಲ್ಲೂ ಹಾಗೇ ಮೂಲೆಯಲ್ಲಿ ಕೂತು ಕಿತ್ತಳೆ ಸುಲಿಯುತ್ತಾಳೆ.

ಆ ಮೀಟಿಂಗು. ಕಿತ್ತಳೆ ಸಿಪ್ಪೆಯ ವಾಸನೆಯ ನಡುವೆ ಎದ್ದು ನಿಂತ ಲೀಲಂಡ್ ಜಾಸ್ಟ್ರೋ, ಕಂಪನಿಯ ಹಣಕಾಸು ನೋಡುತ್ತಿದ್ದವನು, ರೋಲಂಡನ ಶಾಲೆಯ ಗೆಳೆಯ, ಮೊಣಕೈ ಸವೆದ ಸ್ವೆಟರು, ಮೃದು ದನಿ, ಅದೇ ದನಿಯಲ್ಲಿ ಕತ್ತು ಕೊಯ್ದುಬಿಟ್ಟ. ಕಾಗದದ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕ್ತಿವೆ ರೋಲಂಡ್, ನಮ್ಮ ಪಂಪು ಕೊಳ್ಳೋರು ಅವರೇ, ಇನ್ನೆರಡು ವರ್ಷಕ್ಕೆ ಬ್ಯಾಂಕಿನ ಸಾಲ ವಾಪಸ್ ಕೊಡ್ಬೇಕು, ಆಗ ಹೊಸ ಸಾಲ ಕೇಳಕ್ಕೆ ಹೋದ್ರೆ ಬಡ್ಡಿ ಎರಡರಷ್ಟು ಹಾಕ್ತಾರೆ, ಕೈಯಲ್ಲಿ ದುಡ್ಡಿರೋವಾಗ ತೀರಿಸಿಬಿಡೋಣ, ಕೆಟ್ಟ ಕಾಲ ಬಂದ್ರೆ ಸಾಲ ಇಲ್ಲದವನು ಉಸಿರಾಡ್ತಾನೆ. ಸಾಲ ತೀರಿಸಿದ ಕಂಪನಿಗೆ ಯಾರೂ ಚಪ್ಪಾಳೆ ತಟ್ಟಲ್ಲ ಲೀಲಂಡ್, ಷೇರು ಮಣ್ಣಿನ ರೇಟಿಗೆ ಬಿದ್ದಿದೆ, ನಮ್ಮದನ್ನ ನಾವೇ ಕೊಳ್ಳದೆ ಹೋದ್ರೆ ಊರವರು ಯಾಕೆ ಕೊಳ್ತಾರೆ, ಅಂತ ರೋಲಂಡ್ ಅಂದದ್ದಕ್ಕೆ ಎಲ್ಲರೂ ತಲೆಯಾಡಿಸಿದರು, ಅಲ್ಲಿಗೆ ಸುಮ್ಮನಾಗಬಾರದಿತ್ತೇ ಆ ಮನುಷ್ಯ, ಸುಮ್ಮನಾಗಲಿಲ್ಲ, ಕನ್ನಡಕ ಒರೆಸುತ್ತಾ, ಲಾಭ ಒಂದು ಡಾಲರೂ ಹೆಚ್ಚಾಗಲ್ಲ, ಹಂಚಿಕೊಳ್ಳೋ ತಲೆ ಕಮ್ಮಿಯಾಗುತ್ತೆ ಅಷ್ಟೇ, ಅದಕ್ಕೆ ನಿನಗೆ ಒಂಬತ್ತು ಮಿಲಿಯನ್, ಅಂದ. ಎಲ್ಲರ ಮುಂದೆ. ಮೂಲೆಯಲ್ಲಿ ಮುದುಕಿ ಕಿತ್ತಳೆಯ ಒಂದು ತೊಳೆ ಬಾಯಿಗಿಟ್ಟುಕೊಂಡು ಮೊದಲ ಸಲ ತಲೆ ಎತ್ತಿ ನೋಡಿದಳು, ಲೀಲಂಡನನ್ನಲ್ಲ, ರೋಲಂಡನನ್ನು, ಆಮೇಲೆ ಮತಕ್ಕೆ ಹಾಕಿದಾಗ ಷೇರು ಕೊಳ್ಳುವುದರ ಪರವಾಗಿ ಮೊದಲು ಕೈ ಎತ್ತಿದವಳೂ ಅವಳೇ.

ಲೀಲಂಡನನ್ನು ತೆಗೆದದ್ದು ನವೆಂಬರಿನ ಕೊನೆಯ ದಿನ, ನೌಕರರ ಸಂಬಳ, ವಿಮೆ ನೋಡುವ ಹೆಂಗಸು ಬಾಗಿಲಲ್ಲಿ ನಿಂತು ಬೇಡಿಕೊಂಡಳು, ನಾಳೆ ಒಂದನೇ ತಾರೀಖು ಮಿಸ್ಟರ್ ಪ್ರಾಕ್ನೋ, ನಾಳೆ ತೆಗೆದ್ರೆ ಡಿಸೆಂಬರ್ ಪೂರ್ತಿ ಅವರ ಮನೆಗೆ ವಿಮೆ ಸಿಗುತ್ತೆ, ಅವರ ಹೆಂಡತಿ ಜಾಯ್ಸ್‌ಗೆ ಕ್ಯಾನ್ಸರಿನ ಚಿಕಿತ್ಸೆ ನಡೀತಿದೆ, ಒಂದೇ ಒಂದು ದಿನ. ಇವತ್ತೇ, ಅಂದ ರೋಲಂಡ್. ಯಾಕೆ ಹಾಗಂದ, ದುಡ್ಡಿಗಲ್ಲ, ಒಂದು ತಿಂಗಳ ವಿಮೆ ಕಂಪನಿಗೆ ಯಾವ ಲೆಕ್ಕ, ಹಿತವಾಗಿತ್ತು ಅದಕ್ಕೆ, ಆ ಮೃದು ದನಿ ಗಂಟಲಲ್ಲಿ ಸಿಕ್ಕಿಕೊಳ್ಳುವುದನ್ನು ನೋಡಬೇಕಿತ್ತು, ನೋಡಿದ, ಲೀಲಂಡ್, ಇಬ್ಬರೂ ಒಂಬತ್ತನೇ ಕ್ಲಾಸಿನಲ್ಲಿ ಒಂದೇ ಬೆಂಚು ಕಣೋ, ಅಂತ ಕೂಡ ಅನ್ನಲಿಲ್ಲ, ಮೇಜಿನ ಮೇಲಿನ ಪೆನ್ನುಗಳನ್ನು ಕಂಪನಿಯದ್ದು ಬೇರೆ ತನ್ನದು ಬೇರೆ ಎಂದು ವಿಂಗಡಿಸಿದ, ಹೋದ, ಆ ಪೆನ್ನುಗಳನ್ನು ವಿಂಗಡಿಸಿದ್ದಕ್ಕೇ ಇನ್ನೊಂದು ಸಲ ತೆಗೆದುಹಾಕಬೇಕು ಅನ್ನಿಸಿತು. ಸರಿ, ಸಾಕು, ಕೇಳು ಈಗ. ಮುದುಕಿ ಆಲೂಗಡ್ಡೆ ದೋಸೆಗೆ ಸೇಬಿನ ಗೊಜ್ಜು ಸವರುತ್ತಿದ್ದಾಳೆ, ಅಂಚಿನಿಂದ ಅಂಚಿಗೆ, ಒಂದಿಷ್ಟೂ ಜಾಗ ಬಿಡದೆ. ಅರ್ಧದ ಈಚೆಗೆ ಬರುವಷ್ಟು ಚೂರು ಮಾರಿದರೂ ಸಾಕು, ಮುತ್ತಿನಂಥ ಬೆಲೆ ಕೊಡಿಸೋಣ, ಮೂವತ್ತೈದು, ಮೂವತ್ತೆಂಟು, ಕಂಪನಿಯ ದುಡ್ಡು ತಾನೆ.

ಮಿಸೆಸ್ ಟಾಲೆಫ್‌ಸನ್, ನಿಮ್ಮ ಷೇರಿನ ಕಾಗದ ನಿನ್ನೆ ಬಂದಿಲ್ಲ ಅಂತಿದ್ದಾರೆ, ಎಲ್ಲೋ ಅಂಚೆಯಲ್ಲಿ ಕಳೆದಿರಬೇಕು, ಅಂದ, ದನಿ ಚೆನ್ನಾಗಿಯೇ ಬಂತು, ತುಂಬ ಚೆನ್ನಾಗಿ ಬಂತು. ಕಳೆದಿಲ್ಲ ಕಂದ, ನಾನು ಕಳಿಸಿಲ್ಲ. ಮರೆತ್ರಾ. ಮರೆತಿಲ್ಲ. ಆದ್ರೆ ಒಳ್ಳೆ ರೇಟು ಅಂದಿದ್ರಲ್ಲ ನೀವೇ. ಒಳ್ಳೆ ರೇಟೇ, ಅಂದಳು ವರ್ನಾ, ಸಣ್ಣವರಿಗೆ ಒಳ್ಳೆ ರೇಟೇ, ಅವರು ಮಾರಿದ್ದು ಒಳ್ಳೆದಾಯ್ತು, ನೀನೂ ಮಾರಿದ್ಯಂತೆ, ಅದೇ ನನಗೆ ಸಹಾಯವಾಗಿದ್ದು, ನಿಂದು ಇಲ್ಲದೆ ಹೋಗಿದ್ರೆ ಅರ್ಧಕ್ಕೆ ಕೂದಲೆಳೆ ಈಚೆ ನಿಲ್ತಿದ್ದೆ ಅಂದ್ರು ನಮ್ಮ ವಕೀಲ್ರು. ನಮ್ಮ ವಕೀಲರು, ಇವಳಿಗೆ ವಕೀಲರು, ಮಿಲ್ವಾಕಿಯಲ್ಲೋ ಎಲ್ಲೋ, ಎಂದಿನಿಂದ, ಎಲ್ಲೋ ಒಂದು ಗಾಜು ಬಿದ್ದು ಒಡೆಯಿತು, ಎಲ್ಲರೂ ಹೋ ಅಂದರು — ಅರ್ಧದ ವಿಷಯ ನಿಮಗೆ ಯಾರು ಹೇಳಿದ್ರು. ನೀನೇ ಹೇಳಿದ್ಯಲ್ಲ ಕಂದ, ಕಾರಲ್ಲಿ, ಅರ್ಧಕ್ಕಿಂತ ಜಾಸ್ತಿ ಇರೋರಿಗೆ ಕೊಳ್ಳೋರು ಬೇರೆ ಬೆಲೆನೇ ಕೊಡ್ತಾರೆ, ಅರ್ಧಕ್ಕಿಂತ ಕಮ್ಮಿ ಇದ್ರೆ ಕೊಟ್ಟಿದ್ದು ಇಸ್ಕೋಬೇಕು ಅಂತ, ಎಷ್ಟು ಚೆನ್ನಾಗಿ ಬಿಡಿಸಿ ಹೇಳಿದೆ. ಹೇಳಿದ್ದ, ಹೌದು, ಕಿವುಡರಿಗೆ ಹೇಳುವ ಹಾಗೆ ಕಿರುಚಿ ಹೇಳಿದ್ದ, ಅವಳ ಮೊಣಕೈ ತಟ್ಟಿ ತಟ್ಟಿ ಹೇಳಿದ್ದ, ಅವಳು, ಹೌದಾ, ಅಯ್ಯೋ ಹಂಗೂ ಇದೆಯಾ, ಅಂತ ಕಿಟಕಿಯಾಚೆ ನೋಡುತ್ತಿದ್ದಳು. ಶಿಕಾಗೋದವರು ನಲವತ್ತನಾಲ್ಕು ಕೊಡ್ತಾರಂತೆ, ಅಂದಳು ಈಗ, ಪೂರ್ತಿ ಕಂಪನಿ ಕೊಂಡ್ಕೋತಾರಂತೆ.

ಶಿಕಾಗೋದವರು, ಯಾವ ಶಿಕಾಗೋದವರು, ರೋಲಂಡನಿಗೆ ಗೊತ್ತು ಅವರು, ಗೊತ್ತಿಲ್ಲದೆ ಏನು, ಕಾರ್ಖಾನೆ ಕೊಳ್ಳುವ ದುಡ್ಡನ್ನು ಆ ಕಾರ್ಖಾನೆಯ ಹೆಸರಲ್ಲೇ ಸಾಲ ಎತ್ತುವವರು, ಎತ್ತಿದ ಸಾಲವನ್ನು ಅದರ ಬೆನ್ನ ಮೇಲೆ ಹೇರಿ, ಮಜೂರಿ ಕತ್ತರಿಸಿ, ಜಾಗ ಮಾರಿ, ಹಿಂಡಿ, ಸಿಪ್ಪೆ ಎಸೆದು ಹೋಗುವವರು, ಅಂಥವರಿಗೆ ಅವನೇ ಒಮ್ಮೆ ಊಟ ಕೊಡಿಸಿದ್ದ — ಮಿಸೆಸ್ ಟಾಲೆಫ್‌ಸನ್, ಕೇಳಿ, ಬ್ಯಾಂಕಿನ ಸಾಲ ಇನ್ನೂ ಹಾಗೇ ಇದೆ, ಅದರ ಮೇಲೆ ಇವರೂ ಸಾಲ ಹೇರಿದ್ರೆ ಕಂಪನಿ ಉಳಿಯಲ್ಲ, ಕಾಗದದ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕ್ತಿವೆ, ಹೊಸ ಸಾಲಕ್ಕೆ ಬಡ್ಡಿ ಎರಡರಷ್ಟು, ಮೊದಲು ಸಾಲ ತೀರಿಸಬೇಕು, ಕೆಟ್ಟ ಕಾಲ ಬಂದ್ರೆ — ಅವನ ಬಾಯಿಂದ ಲೀಲಂಡನ ಮಾತುಗಳು ಸಾಲಾಗಿ, ಒಂದೂ ತಪ್ಪದೆ ಬರುತ್ತಿವೆ, ದನಿ ಕೂಡ ಮೃದುವಾಗಿದೆ, ಅದು ಅವನಿಗೇ ಕೇಳಿಸುತ್ತಿದೆ, ನಿಲ್ಲಿಸಲಾಗುತ್ತಿಲ್ಲ. ವರ್ನಾ ತುಟಿ ಒರೆಸಿಕೊಂಡಳು. ಲೀಲಂಡೂ ಹೀಗೇ ಅಂತಿದ್ದ, ಅವನು ಹೇಳಿದ್ದೇ ಸರಿ, ಅದು ನನಗೆ ಆವತ್ತೇ ಗೊತ್ತಿತ್ತು. ಮತ್ತೆ ಯಾಕೆ ಕೈ ಎತ್ತಿದ್ರಿ. ಸಾಲ ತೀರಿಸಿದ್ರೆ ಕಂಪನಿಗೆ ಒಳ್ಳೆದಾಗ್ತಿತ್ತು ಕಂದ, ನನಗೇನು ಬರ್ತಿತ್ತು, ನಲವತ್ತು ವರ್ಷ ಕಂಪನಿಗೆ ಒಳ್ಳೆದಾಗಿದ್ದು ನೋಡ್ಕೊಂಡು ಕೂತೆ, ಆರ್ವಿಡ್‌ಗೆ ಕಂಪನಿ, ಕಂಪನಿ, ಕಂಪನಿ, ನನಗೆ ಒಂದು ಚಳಿಗಾಲಕ್ಕಾದ್ರೂ ಬಿಸಿಲು ತೋರಿಸಿದ್ನಾ. ಹಾಗಂದು ಒಂದು ಚೂರು ಮೀನು ಬಾಯಿಗಿಟ್ಟು ನಿಧಾನವಾಗಿ ಅಗಿದಳು. ಜಾಯ್ಸ್ ಮಣ್ಣಿಗೆ ಹೋಗಿದ್ದೆ ಕಣೋ, ಹೋದ ಮಂಗಳವಾರ, ಚರ್ಚಿನ ನೆಲಮಾಳಿಗೆಯಲ್ಲಿ ಊಟ ಇಟ್ಟಿದ್ರು, ಹ್ಯಾಮು ಸ್ವಲ್ಪ ಉಪ್ಪಾಗಿತ್ತು.

ಜಾಯ್ಸ್ ಸತ್ತಳು, ಸತ್ತಳೇ, ಯಾರೂ ಹೇಳಲಿಲ್ಲ, ಅವನಿಗೆ ಯಾರು ಹೇಳುತ್ತಾರೆ, ಸತ್ತಳು ಎಂಬುದು ಒಂದು ಕ್ಷಣ ಎದೆಯಲ್ಲಿ ನಿಂತಿತು, ನಿಲ್ಲಬೇಕಾದಷ್ಟು ನಿಲ್ಲಲಿಲ್ಲ, ಅದನ್ನು ತಳ್ಳಿಕೊಂಡು ಮಾರ್ಚ್ ಒಂದು ಮುಂದೆ ಬಂತು, ಅದು ನಾಚಿಕೆಯಿಲ್ಲದೆ ಬಂತು, ಶಿಕಾಗೋದವರು ಯಾವಾಗ ಬರ್ತಾರೆ, ಅಂತ ಕೇಳಿದ, ಆ ಹೆಣದ ಮಾತಿನ ಬೆನ್ನಿಗೇ ಕೇಳಿದ, ಮುದುಕಿಯ ಹುಬ್ಬು ಕೂಡ ಅಲುಗಲಿಲ್ಲ, ಇವಳಿಗೆ ಇದು ಗೊತ್ತಿತ್ತು, ಹೀಗೇ ಕೇಳುತ್ತಾನೆ ಅಂತ ಗೊತ್ತಿತ್ತು. ಸೋಮವಾರ ಬರ್ತಾರೆ, ಬೋರ್ಡಿನವರಿಗೂ ಹತ್ತು ಗಂಟೆಗೆ ಬನ್ನಿ ಅಂದಿದ್ದೀನಿ, ನೀನು ಬರೋದು ಬೇಡ, ಹೊಸ ಮುಖ್ಯಸ್ಥನನ್ನ ಅವರೇ ಕರ್ಕೊಂಡು ಬರ್ತಾರೆ. ಅಂದರೆ ನನ್ನನ್ನ. ಹೂಂ ಕಂದ. ಮಿಸೆಸ್ ಟಾಲೆಫ್‌ಸನ್, ಮಾರ್ಚ್ ಒಂದರ ತನಕ, ಎರಡೇ ವಾರ, ಬರೀ ಕುರ್ಚಿಯಲ್ಲಿ ಕೂತಿರ್ತೀನಿ, ಯಾವ ಕಾಗದಕ್ಕೂ ಸಹಿ ಹಾಕಲ್ಲ, ನಿಮ್ಮ ಕಾಲಿಗೆ — ಕಾಲಿಗೆ ಎಂದುಬಿಟ್ಟ, ಪಕ್ಕದ ಟೇಬಲ್ಲಿನವನು ತಿರುಗಿ ನೋಡಿದ, ಎರಕದ ಮನೆಯವನ ಮಗ, ಅಪ್ಪನಂತೂ ಇವಳ ಗಂಡನ ಮುಂದೆ ಟೋಪಿ ತೆಗೆದು ನಿಲ್ಲುತ್ತಿದ್ದ, ಕಾಲು ಹಿಡಿದಿರಲಿಲ್ಲ. ಆ ಒಂಬತ್ತು ಮಿಲಿಯನ್ನಿನ ವಿಷಯನಾ, ಅಂದಳು ವರ್ನಾ, ಸಣ್ಣ ದನಿಯಲ್ಲಿ, ಅಕ್ಕರೆಯಿಂದ ಅನ್ನುವ ಹಾಗೆ, ಅದರ ಲೆಕ್ಕ ಅವರೂ ಹಾಕಿದ್ರಂತೆ ಕಂದ, ನಿನಗೆ ಅದನ್ನ ಕೊಡದೆ ಉಳಿಸಿದ್ರೆ ನನಗೆ ಷೇರಿಗೆ ಅರ್ಧ ಡಾಲರ್ ಜಾಸ್ತಿ ಕೊಡ್ತಾರಂತೆ, ನಲವತ್ತನಾಲ್ಕೂವರೆ ಆಗುತ್ತೆ. ಅರ್ಧ ಡಾಲರು, ಅವನು ಈ ಮುದುಕಿಗೆ ಅರ್ಧ ಡಾಲರು, ಫ್ಲಾರಿಡಾದ ಮನೆ, ಅಲ್ಲಿನ ಬಿಳಿ ಮೆಟ್ಟಿಲು, ಬ್ಯಾಂಕಿನವನ ಕೈಕುಲುಕು, ಎಲ್ಲ ಸೇರಿ ಅರ್ಧ ಡಾಲರು, ಇವಳು ನಾಳೆ ಬೆಳಿಗ್ಗೆ ಹೋಗಿ ತೂತಿನ ಮುಂದೆ ಕೂರುತ್ತಾಳೆ, ಏನೂ ಆಗದವಳ ಹಾಗೆ, ಏನಾದರೂ ಹೇಳಬೇಕು, ದಾವೆ ಹೂಡುತ್ತೇನೆ ಅನ್ನಬೇಕು, ಕೊಲೆಗಾರ್ತಿ ಅನ್ನಬೇಕು, ಯಾರನ್ನು ಕೊಂದದ್ದಕ್ಕೆ ಅನ್ನಬೇಕು, ಬಾಯಿ ತೆರೆದರೆ ಆ ಮೃದು ದನಿಯೇ ಬಂದೀತು, ಕನ್ನಡಕ ಒರೆಸಿಕೊಳ್ಳುವ ದನಿ, ಬೇಡ, ತೆರೆಯಬಾರದು, ಮುಚ್ಚಿಕೊಂಡಿರಬೇಕು, ಎಲ್ಲೂ ನೋಡಬಾರದು, ಚೀಲದ ಬಾಯಿ ಟಕ್ಕೆಂದು ತೆರೆದಿದೆ, ನೀನು ಇದನ್ನ ತಿನ್ನಲ್ವಲ್ಲ, ಅನ್ನುತ್ತಿದ್ದಾಳೆ, ಕಂದು ಚುಕ್ಕೆಯ ಕೈ, ಆರ್ವಿಡನ ಉಂಗುರ ಸಡಿಲವಾಗಿ ತಿರುಗಿಕೊಂಡಿರುವ ಕೈ, ಉಪ್ಪಿನ ಡಬ್ಬಿ ದಾಟಿ, ಬ್ರಾಂದಿ ಗ್ಲಾಸು ದಾಟಿ ಅವನ ತಟ್ಟೆಯ ಕಡೆಗೆ ಬರುತ್ತಿದೆ, ಅವನು ಒಂದೇ ಒಂದು ಸಲ ಕಚ್ಚಿ ಬಿಟ್ಟ ಬನ್ನು, ಅವನ ಹಲ್ಲಿನ ಗುರುತು ಇರುವ ಬನ್ನು, ಆ ಕೈ, ಬನ್ನಿನ ಮೇಲೆ ಆ ಕೈ